‘ಯಾವಾಗಲೂ’ ಎಂದು ಬರೆದ ಅರ್ಜಿ

ಖೋತ ಸರ್ ಅವರನ್ನು ನಮ್ಮ ಹೈಸ್ಕೂಲಿನಿಂದ ಬಿಡಿಸಿದ ಅರ್ಜಿಯನ್ನು ಬರೆದವಳು ನಾನು. ಅದರ ಸುಳ್ಳೆಲ್ಲ ನಿಂತದ್ದು ಒಂದು ಪದದ ಮೇಲೆ — ಒಂದೇ ಪದ — ಸುಳ್ಳೆಂದು ತಿಳಿದೇ ಬರೆದದ್ದು. ಕೆಳಗೆ ಇಪ್ಪತ್ತಾರು ಸಹಿಗಳಿದ್ದವು. ಅವುಗಳಲ್ಲಿ ಒಂದನ್ನು ಇನ್ನೊಂದು ಸುಳ್ಳು ಹೇಳಿ ಹಾಕಿಸಿಕೊಂಡೆ. ಹನ್ನೆರಡು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ. ಹೇಳದೆ ಸುಮ್ಮನಿದ್ದೆ ಎಂದರೂ ಸುಳ್ಳಾದೀತು — ಆ ಅರ್ಜಿಗಾಗಿ ಶಾಲು ಹೊದಿಸಿಕೊಂಡೆ, ಚಪ್ಪಾಳೆ ತಟ್ಟಿಸಿಕೊಂಡೆ, ಅದರ ಬಲದ ಮೇಲೆ ಬರಹಗಾರ್ತಿಯಾದೆ.

ನನ್ನ ಲೇಖನಗಳನ್ನು ಓದಿದವರಿಗೆ ನನ್ನ ದನಿ ಪರಿಚಿತ. ಕಳಪೆ ರಸ್ತೆ ಮಾಡಿದವರು ಉತ್ತರ ಹೇಳಬೇಕು, ಹೆಣ್ಣುಮಕ್ಕಳ ಶೌಚಾಲಯಕ್ಕೆ ಬೀಗ ಜಡಿದವರು ಉತ್ತರ ಹೇಳಬೇಕು, ಗಡಿಯ ಹೆಸರಿನಲ್ಲಿ ಬಸ್ಸಿಗೆ ಕಲ್ಲು ಹೊಡೆಸಿದವರು — ಈ ಕಡೆಯವರಾಗಲಿ ಆ ಕಡೆಯವರಾಗಲಿ — ಉತ್ತರ ಹೇಳಬೇಕು ಎಂದು ವಾರ ವಾರ ಬರೆಯುತ್ತೇನೆ. ಮುಂದೆಯೂ ಬರೆಯುತ್ತೇನೆ. ಆದರೆ ಹಾಗೆ ಕೇಳುವುದನ್ನು ನನಗೆ ಕಲಿಸಿದವರು ಯಾರೋ, ಅವರ ಕೆಲಸವನ್ನೇ ಕಸಿದವಳು ನಾನು ಎಂಬುದನ್ನು ಬಚ್ಚಿಟ್ಟುಕೊಂಡು ಇನ್ನೊಂದು ಸಾಲನ್ನೂ ಬರೆಯಲಾರೆ.

ಕಳೆದ ತಿಂಗಳು ಶಾಲೆಯ ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಫೋನ್ ಮಾಡಿದರು. ಶಾಲೆಗೆ ಇಪ್ಪತ್ತೈದು ವರ್ಷ ತುಂಬುತ್ತಿದೆ, ಸ್ಮರಣ ಸಂಚಿಕೆ ತರುತ್ತಿದ್ದಾರೆ. “ತ್ರಿಶಲಾ ಅವರ, ನಿಮ್ಮ ಆ ಅರ್ಜಿದು ಝೆರಾಕ್ಸ್ ನಮ್ಮ ಫೈಲಿನ್ಯಾಗ ಐತ್ರಿ. ಸಂಚಿಕೆದಾಗ ಹಾಕೂನು ಅಂತ ಮಾಡೇವಿ — ನಮ್ಮ ಸಾಲಿ ಹುಡುಗಿ ಧೈರ್ಯ ಅಂತ್ಹೇಳಿ. ಅದರ ಬಗ್ಗೆ ನೀವ ಒಂದ ನಾಕ ಸಾಲ ಬರದ ಕೊಡ್ರಿ.” ಆಗಲಿ ಎಂದೆ. ಆ ನಾಲ್ಕು ಸಾಲುಗಳೇ ಇವು.

ಖೋತ ಸರ್ ಗಣಿತದ ಅತಿಥಿ ಶಿಕ್ಷಕರು. ಜೂನಿನಲ್ಲಿ ಕರೆದು ಮಾರ್ಚಿನಲ್ಲಿ ಕಳಿಸಿಬಿಡಬಹುದಾದ, ಬೇಕೆನಿಸಿದರೆ ಅದಕ್ಕೂ ಮೊದಲೇ ಕಳಿಸಿಬಿಡಬಹುದಾದ ಹುದ್ದೆ. ರಾಯಬಾಗದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಅಂಕಲಿ ರಸ್ತೆಯ ನಮ್ಮ ಶಾಲೆಯ ಗೋಡೆಯಲ್ಲಿ ಕಟ್ಟಿಗೆಯ ದೊಡ್ಡ ಕೈವಾರವೊಂದು ಮೊಳೆಗೆ ತೂಗುತ್ತಿತ್ತು; ಅವರು ಅದನ್ನು ಮುಟ್ಟಿದ್ದನ್ನು ನಾನು ಕಾಣೆ. ವೃತ್ತವನ್ನು ಕೈಯಿಂದಲೇ ಎಳೆಯುತ್ತಿದ್ದರು, ಅದೂ ಸೊಟ್ಟಗೆ. ಹಿಂದಿನ ಬೆಂಚಿನವರು ನಕ್ಕು, ಸರ್ ಇದು ವೃತ್ತ ಅಲ್ರಿ, ಬಟಾಟಿರಿ ಎಂದರೆ ಅವರಿಗೆ ಸಂತೋಷ. “ಬಟಾಟಿನ ಅನ್ರಿ, ಅಡ್ಡಿ ಇಲ್ಲ. ಮ್ಯಾಲೆ ‘ದತ್ತ’ ಅಂತ ಹಾಕಿ ‘ವೃತ್ತ’ ಅಂತ ಬರದೀನಿ, ಹೌದಲ್ಲ? ಕಣ್ಣ ನಂಬಬ್ಯಾಡ್ರಿ. ಬರದಿದ್ದನ್ನ ನಂಬ್ರಿ.”

ಬರೆದದ್ದನ್ನು ನಂಬಿ — ಆ ಮಾತನ್ನು ನೆನೆದರೆ ಇವತ್ತಿಗೂ…

ಒಂಬತ್ತನೆಯ ತರಗತಿಯಲ್ಲಿ ಒಂದು ದಿನ ಪ್ರತಿಯೊಬ್ಬರಿಗೂ ತಮಗೆ ಬೇಕಾದಂಥ ಒಂದು ತ್ರಿಭುಜ ಬರೆದು ಮೂರೂ ಕೋನ ಅಳೆದು ಕೂಡಿಸಲು ಹೇಳಿದರು. ಒಬ್ಬರಿಗೆ ನೂರಾ ಎಪ್ಪತ್ತೆಂಟು ಬಂತು, ಒಬ್ಬರಿಗೆ ನೂರಾ ಎಂಬತ್ತೆರಡು. ನನಗೆ ಸರಿಯಾಗಿ ನೂರಾ ಎಂಬತ್ತು — ಏಕೆಂದರೆ ಪುಸ್ತಕದಲ್ಲಿ ಉತ್ತರ ನೋಡಿಕೊಂಡು ಮೂರನೆಯ ಕೋನವನ್ನು ಅಳೆಯದೆಯೇ ಬರೆದಿದ್ದೆ. ಈಗ ಯೋಚಿಸಿದರೆ ನನ್ನ ಸ್ವಭಾವ ಅವತ್ತೇ ಅಲ್ಲಿತ್ತು. ಸರ್ ಯಾರನ್ನೂ ಸರಿ ಎನ್ನಲಿಲ್ಲ, ತಪ್ಪೂ ಎನ್ನಲಿಲ್ಲ. “ಇಪ್ಪತ್ತಾರ ಮಂದಿ ಇಪ್ಪತ್ತಾರ ತ್ರಿಭುಜ ಅಳದ್ರಿ. ಇಪ್ಪತ್ತೇಳನೇದ್ದ ಅಲ್ಲೆ ಕೊಕಟನೂರಾಗ ಯಾರೋ ಬರ್ಯಾಕತ್ತಾರ. ಅದರ ಬಗ್ಗೆ ಹ್ಯಾಂಗ ಹೇಳ್ತೀರಿ?”

ಯಾರಿಗೂ ಗೊತ್ತಿರಲಿಲ್ಲ. ಆಗ ಅವರು ಹಲಗೆಯ ಮೇಲಿನ ಸೊಟ್ಟ ತ್ರಿಭುಜದ ತುದಿಯ ಮೂಲಕ, ಕೆಳಗಿನ ಬಾಹುವಿಗೆ ಸಮಾಂತರವಾಗಿ ಒಂದು ಗೆರೆ ಎಳೆದರು. ಒಂದೇ ಗೆರೆ. ಕೆಳಗಿನ ಎರಡು ಕೋನಗಳೂ ಪರ್ಯಾಯ ಕೋನಗಳಾಗಿ ಮೇಲೆ ಬಂದು ತುದಿಯ ಕೋನದ ಆಚೆಗೊಂದು ಈಚೆಗೊಂದು ಕುಳಿತವು, ಮೂರೂ ಸೇರಿ ಆ ಗೆರೆಯನ್ನು ತುಂಬಿದವು — ನೂರಾ ಎಂಬತ್ತು. ಇನ್ನು ಅಳೆಯಲು ಏನೂ ಉಳಿದಿರಲಿಲ್ಲ. ಕೊಕಟನೂರಿನ ತ್ರಿಭುಜ, ಇನ್ನೂ ಹುಟ್ಟದ ಮಗು ಮುಂದೊಂದು ದಿನ ಪಾಟಿಯ ಮೇಲೆ ಬರೆಯಲಿರುವ ತ್ರಿಭುಜ — ಎಲ್ಲವೂ ನಮ್ಮ ಊರಿನ ಆ ಕೋಣೆಯಲ್ಲಿ, ಆ ಒಂದು ಗೆರೆಗೆ ಸಿಕ್ಕಿಬಿದ್ದಿದ್ದವು. ನನ್ನ ಮೈಮೇಲೆ ಕೂದಲು ನಿಂತದ್ದು ನೆನಪಿದೆ. ಆಮೇಲೆ ಬಹಳ ಓದಿದ್ದೇನೆ. ದೊಡ್ಡ ದೊಡ್ಡವರ ಭಾಷಣ ಕೇಳಿದ್ದೇನೆ. ಒಬ್ಬ ಬಡ ಮೇಷ್ಟ್ರು ಒಂದು ತುಂಡು ಸುಣ್ಣದ ಕಡ್ಡಿಯಿಂದ ಕೊಟ್ಟ ಆ ಸಂತೋಷವನ್ನು ಮತ್ತೆ ಯಾರೂ ಕೊಟ್ಟಿಲ್ಲ.

ಅವತ್ತೇ ಅವರು ಇನ್ನೊಂದು ಮಾತು ಹೇಳಿದರು. ‘ಯಾವಾಗಲೂ’ ಎಂಬ ಪದ ಬಹಳ ತುಟ್ಟಿ, ಒಂದು ಸಲ ಕಂಡದ್ದಕ್ಕೆ ಒಂದು ಸಲ ಎನ್ನಿ, ಯಾವಾಗಲೂ ಎನ್ನುವುದಾದರೆ ಬಲಗಡೆ ಕಾರಣ ಬೇಕು ಎಂದು. ನಮ್ಮ ವಹಿಯ ಪುಟದ ನಡುವೆ ಮೇಲಿನಿಂದ ಕೆಳಗೆ ಒಂದು ಗೆರೆ ಹಾಕಿಸುತ್ತಿದ್ದರು: ಎಡಗಡೆ ಹೇಳಿಕೆ, ಬಲಗಡೆ ಕಾರಣ. ಬಲಗಡೆ ಖಾಲಿ ಬಿಟ್ಟರೆ ಬೈಯುತ್ತಿರಲಿಲ್ಲ. ಕೆಂಪು ಶಾಯಿಯಲ್ಲಿ ಒಂದೇ ಪದ ಬರೆಯುತ್ತಿದ್ದರು — ‘ಕಾರಣ?’

ಈಗ ಸಾರಿಕಾಳ ವಿಷಯ. ನನ್ನ ಬೆಂಚಿನವಳು. ಅವರದು ಕುರಿ ಸಾಕುವ ಮನೆತನ, ಮಹಾರಾಷ್ಟ್ರದ ಕಡೆಯಿಂದ ಬಂದು ಊರ ಹೊರಗೆ ನೆಲೆ ನಿಂತವರು. ಮನೆಮಾತು ಮರಾಠಿ, ಏಳನೆಯ ತರಗತಿಯವರೆಗೆ ಕಲಿತದ್ದೂ ಮರಾಠಿಯಲ್ಲೇ. ಎಂಟಕ್ಕೆ ನಮ್ಮ ಕನ್ನಡ ಶಾಲೆಗೆ ಬಂದಳು. ಆಡುವ ಕನ್ನಡ ಚೆನ್ನಾಗಿಯೇ ಇತ್ತು, ಪುಸ್ತಕದ ಕನ್ನಡ ತೊಡಕಾಗುತ್ತಿತ್ತು. ವಿಜ್ಞಾನ, ಸಮಾಜದ ಪಾಠಗಳನ್ನು ನಾನು ಓದಿ ಹೇಳುತ್ತಿದ್ದೆ, ಅವಳು ಕೇಳಿಸಿಕೊಳ್ಳುತ್ತಿದ್ದಳು. ನನ್ನ ಬಾಯಿಂದಲೇ ಅವಳಿಗೆ ಕನ್ನಡ ತಿಳಿಯುತ್ತದೆ ಎಂದು ನಾನು ಹೆಮ್ಮೆಪಡುತ್ತಿದ್ದೆ.

ಹತ್ತನೆಯ ತರಗತಿಯಲ್ಲಿ ಸ್ಪರ್ಶಕಗಳ ಪ್ರಮೇಯ ಬಂತು: ವೃತ್ತದ ಹೊರಗಿನ ಒಂದು ಬಿಂದುವಿನಿಂದ ಆ ವೃತ್ತಕ್ಕೆ ಎಳೆದ ಎರಡು ಸ್ಪರ್ಶಕಗಳು ಸಮ. ಸಾರಿಕಾಳಿಗೆ ಅದು ಹಿಡಿಯಲಿಲ್ಲ. ಸರ್ ಎರಡು ಸಲ ಕನ್ನಡದಲ್ಲಿ ಹೇಳಿದರು. ಮೂರನೆಯ ಸಲ ಅವಳ ಪಕ್ಕಕ್ಕೆ ಬಂದು ಬಗ್ಗಿ, ಅವಳ ವಹಿಯ ಮೇಲೆ ಬೆರಳಿಟ್ಟು, ಮೆಲ್ಲಗೆ, “ಹೀ ಬಾಜೂ ಆಣಿ ತೀ ಬಾಜೂ ಸಾರಖೀ ಕಾ? ಕಾರಣ ಸಾಂಗ್” ಎಂದರು — ಈ ಬಾಹು ಆ ಬಾಹು ಸಮ ಏಕೆ, ಕಾರಣ ಹೇಳು. ಐದಾರು ನಿಮಿಷ ಹಾಗೆಯೇ ಮರಾಠಿಯಲ್ಲಿ. ಅವಳ ಮುಖ ಅರಳಿದ್ದನ್ನು ನಾನು ಪಕ್ಕದಲ್ಲೇ ಕುಳಿತು ನೋಡಿದೆ. ವರ್ಷದಲ್ಲಿ ಒಂದು ದಿನ. ಅಷ್ಟೇ. ಅವರ ಮರಾಠಿ ಪಾಠ ಎಂಬುದು ಇದ್ದದ್ದೇ ಇಷ್ಟು.

ಮುಂದಿನ ವಾರ ಪರೀಕ್ಷೆಯಲ್ಲಿ ಅದೇ ಪ್ರಮೇಯ. ನನಗೆ ಅದು ಅಕ್ಷರಶಃ ಬಾಯಿಪಾಠ. ಮೊದಲಿಗಳಾಗಿ ಬರೆದು ಮುಗಿಸಿ ಕೈ ಕಟ್ಟಿ ಕುಳಿತೆ. ಉತ್ತರಪತ್ರಿಕೆ ವಾಪಸು ಬಂದಾಗ ನಾಲ್ಕಕ್ಕೆ ಸೊನ್ನೆ. ಸರ್ ಪ್ರಶ್ನೆಯಲ್ಲಿ ಅಕ್ಷರಗಳನ್ನು ಅದಲುಬದಲು ಮಾಡಿದ್ದರು. ಪುಸ್ತಕದಲ್ಲಿ ‘ಓ’ ವೃತ್ತದ ಕೇಂದ್ರ, ‘ಪಿ’ ಹೊರಗಿನ ಬಿಂದು. ಅವರ ಚಿತ್ರದಲ್ಲಿ ‘ಪಿ’ ಕೇಂದ್ರ, ‘ಓ’ ಹೊರಗೆ. ನಾನು ಚಿತ್ರವನ್ನು ನೋಡಿರಲೇ ಇಲ್ಲ. ಹಾಗಾಗಿ ನನ್ನ ಉತ್ತರದಲ್ಲಿ ಸ್ಪರ್ಶಕಗಳನ್ನು ತ್ರಿಜ್ಯಗಳೆಂದು ಕರೆದಿದ್ದೆ. ಸಾಧಿಸಬೇಕಾಗಿದ್ದುದನ್ನೇ ಕಾರಣವಾಗಿ ಕೊಟ್ಟು, ಮೊದಲೇ ಗೊತ್ತಿದ್ದುದನ್ನು ಸಾಧಿಸಿ, ಕೆಳಗೆ ಅಡಿಗೆರೆ ಎಳೆದಿದ್ದೆ. ಸಾರಿಕಾ ಮೂರು ಹಂತ ಬರೆದಿದ್ದಳು, ಕನ್ನಡದ ನಡುವೆ ‘ಬಾಜೂ’ ಎಂದೂ ಬರೆದಿದ್ದಳು. ಅವಳಿಗೆ ನಾಲ್ಕಕ್ಕೆ ಮೂರು.

ಊಟದ ಬಿಡುವಿನಲ್ಲಿ ಅರ್ಜಿ ಬರೆದೆ. ಹದಿನೈದು ವರ್ಷದವಳ ವಹಿಯ ಹಾಳೆ. ಆದರೆ ಒಕ್ಕಣೆ ಎಂಥದ್ದು! “ಖೋತ ಸರ್ ಅವರು ರೇಖಾಗಣಿತವನ್ನು ಯಾವಾಗಲೂ ಮರಾಠಿಯಲ್ಲಿಯೇ ಬೋಧಿಸುವುದರಿಂದ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳಾದ ನಮಗೆ ಪ್ರಮೇಯಗಳು ಅರ್ಥವಾಗುತ್ತಿಲ್ಲ. ತನ್ಮೂಲಕ ನಮ್ಮ ಭವಿಷ್ಯಕ್ಕೂ ಕನ್ನಡಕ್ಕೂ ಅನ್ಯಾಯವಾಗುತ್ತಿದೆ.” ಯಾವಾಗಲೂ. ಆ ಪದ ಎಷ್ಟು ತುಟ್ಟಿ ಎಂದು ನನಗೆ ಕಲಿಸಿದವರ ಮೇಲೆಯೇ ಅದನ್ನು ಬಿಟ್ಟಿಯಾಗಿ ಎಸೆದೆ. ಇನ್ನು ‘ನಮಗೆ ಅರ್ಥವಾಗುತ್ತಿಲ್ಲ’ — ನನ್ನ ಆಯಿಯ, ಅಂದರೆ ಅಮ್ಮನ, ತವರು ಕೊಲ್ಲಾಪುರದ ಕಡೆ. ಸೂರ್ಯ ಮುಳುಗುವ ಮೊದಲು ಊಟಕ್ಕೆ ಕೂರದಿದ್ದರೆ ಆಯಿ ನನ್ನನ್ನು ಬೈಯುತ್ತಿದ್ದದ್ದು ಮರಾಠಿಯಲ್ಲಿ, ಮುದ್ದು ಮಾಡುತ್ತಿದ್ದದ್ದೂ. ಸರ್ ಅವತ್ತು ಸಾರಿಕಾಳಿಗೆ ಹೇಳಿದ ಒಂದಕ್ಷರವೂ ನನಗೆ ಅರ್ಥವಾಗದೆ ಉಳಿದಿರಲಿಲ್ಲ. ನಮ್ಮ ಸೀಮೆಯಲ್ಲಿ ಯಾರ ಮನೆಯ ಅಡುಗೆಮನೆಯಲ್ಲಿ ಎರಡು ಭಾಷೆ ಇಲ್ಲ? ಆದರೆ ಮನೆಯ ಹೊರಗೆ ಒಂದು ಭಾಷೆಯ ಪರ ನಿಂತು ಇನ್ನೊಂದರ ಹೆಸರೆತ್ತಿ ದೂರಿದರೆ ಸಾಕು, ಯಾರೂ ಬಲಗಡೆಯ ಕಾರಣ ಕೇಳುವುದಿಲ್ಲ ಎಂಬುದು ಆ ವಯಸ್ಸಿಗೇ ನನಗೆ ಗೊತ್ತಿತ್ತು.

ಸಹಿಗಳು ಬಂದವು. ಕೆಲವರು ನಗುತ್ತ ಹಾಕಿದರು, ಕೆಲವರು ಕಷ್ಟದ ಪರೀಕ್ಷೆ ತಪ್ಪಿದರೆ ಸಾಕೆಂದು. ಇಪ್ಪತ್ತೈದು ಆದವು. ಸಾರಿಕಾ ಬುತ್ತಿಯ ಡಬ್ಬಿ ತೊಳೆದುಕೊಂಡು ಬಂದು, ಇದು ಏನೆಂದು ಕೇಳಿದಳು.

“ಎಕ್ಸ್‌ಟ್ರಾ ಕ್ಲಾಸ್ ಬೇಕಂತ ಕೇಳಾಕತ್ತೇವಿ. ಹಾಕ ನಿಂದೊಂದ,” ಎಂದೆ.

ಅವಳು ಹಾಳೆಯನ್ನು ಸ್ವಲ್ಪ ಹೊತ್ತು ನೋಡಿದಳು. ನನ್ನ ಪೆನ್ನು ಇಸಿದುಕೊಂಡು, ದುಂಡಗಿನ ಕನ್ನಡ ಅಕ್ಷರಗಳಲ್ಲಿ, ಇಪ್ಪತ್ತಾರನೆಯ ಸಹಿ ಹಾಕಿದಳು. ಅದರಲ್ಲಿ ಏನು ಬರೆದಿದೆ ಎಂಬುದು ಸಾರಿಕಾಳಿಗೆ ಗೊತ್ತಿರಲಿಲ್ಲ.

ಅರ್ಜಿ ಕೈಸೇರಿದ ಮೇಲೆ ಮಂಡಳಿ ಒಂದು ದಿನವೂ ವಿಚಾರಣೆ ಮಾಡಲಿಲ್ಲ. ಇದನ್ನು ಆಡಳಿತ ಮಂಡಳಿಯವರು ಓದುತ್ತಿದ್ದರೆ ಕೇಳಿಸಿಕೊಳ್ಳಲಿ: ನೀವು ತರಗತಿಗೆ ಬರಲಿಲ್ಲ, ನಮ್ಮಲ್ಲಿ ಯಾರನ್ನೂ ಬೇರೆಯಾಗಿ ಕರೆದು ಕೇಳಲಿಲ್ಲ, ಒಂದು ವಹಿಯನ್ನೂ ತೆರೆದು ನೋಡಲಿಲ್ಲ. ಅರ್ಜಿ ಸುಳ್ಳೆಂದು ತಿಳಿಯಲು ನಮ್ಮ ಕನ್ನಡದ ವಹಿಗಳೇ ಸಾಕಾಗಿದ್ದವು. ಅತಿಥಿ ಶಿಕ್ಷಕರನ್ನು ಬಿಡಿಸಲು ಕಾರಣ ಬೇಕಾಗಿಲ್ಲ ಎಂಬ ನಿಮ್ಮ ವ್ಯವಸ್ಥೆ ನನ್ನ ಸುಳ್ಳಿಗೆ ಬಾಗಿಲು ತೆರೆದಿಟ್ಟಿತ್ತು. ಆ ಬಾಗಿಲಿಗೆ ನೀವು ಉತ್ತರ ಹೇಳಬೇಕು. ಒಳಗೆ ನಡೆದು ಹೋದದ್ದಕ್ಕೆ ಉತ್ತರ ನನ್ನದು.

ಶನಿವಾರ ಬೆಳಗಿನ ಶಾಲೆ. ಮುಖ್ಯಾಧ್ಯಾಪಕರ ಕೋಣೆಯಿಂದ ಸರ್ ನೇರ ತರಗತಿಗೆ ಬಂದರು. ಅರ್ಜಿಯನ್ನು ಅವರಿಗೆ ತೋರಿಸಿದ್ದರು. ಅವರು ಯಾರನ್ನೂ ಏನೂ ಕೇಳಲಿಲ್ಲ. ಸಾರಿಕಾಳ ಕಡೆ ಒಮ್ಮೆ ನೋಡಿದರು — ನನ್ನ ಕಡೆ ಅಲ್ಲ, ಅವಳ ಕಡೆ — ಅದು ಏಕೆಂದು ಹನ್ನೆರಡು ವರ್ಷ ನನಗೆ ತಿಳಿಯಲಿಲ್ಲ. “ಉಳದ ಪ್ರಮೇಯ ನೀವ ಮಾಡ್ಕೋರಿ. ಬಲಗಡೆ ಖಾಲಿ ಬಿಡಬ್ಯಾಡ್ರಿ,” ಎಂದು ಹೇಳಿ, ಹಲಗೆ ಒರೆಸಿ, ಹೋದರು.

ಅವರ ಜಾಗಕ್ಕೆ ಬಂದವರು ಪಾಸಾಗಲು ಬೇಕಾದ ಪ್ರಮೇಯಗಳನ್ನು ಗುರುತಿಸಿ ಒಂದೊಂದನ್ನೂ ಹತ್ತು ಸಲ ಬರೆಸಿದರು. ವಾರ್ಷಿಕ ಪರೀಕ್ಷೆಯಲ್ಲಿ ಸ್ಪರ್ಶಕದ ಪ್ರಮೇಯವೇ ಬಂತು, ಪುಸ್ತಕದ ಅಕ್ಷರಗಳಲ್ಲೇ. ನನಗೆ ನಾಲ್ಕಕ್ಕೆ ನಾಲ್ಕು. ಸಾರಿಕಾ ಗಣಿತದಲ್ಲಿ ನಪಾಸಾದಳು, ಮರುಪರೀಕ್ಷೆಗೆ ಕಟ್ಟಲಿಲ್ಲ. ಅದಕ್ಕೂ ಮೊದಲು, ಆ ವರ್ಷದ ರಾಜ್ಯೋತ್ಸವದ ದಿನ, ಊರಿನ ಯುವಕ ಸಂಘದವರು ನನ್ನ ಅರ್ಜಿಯನ್ನು ಮೈಕಿನಲ್ಲಿ ಓದಿ, ಶಾಲು ಹೊದಿಸಿ, ಪೆನ್ನಿನ ಜೋಡಿಯೊಂದನ್ನು ಕೊಟ್ಟರು. ಎಂಥಾ ಕನ್ನಡ ಎಂದರು. ಮಗಳನ್ನು ಮುಂದೆ ಓದಿಸಲು ಹಿಂದೆಮುಂದೆ ನೋಡುತ್ತಿದ್ದ ಅಪ್ಪ ಅವತ್ತೇ ಒಪ್ಪಿದರು. ನಾನು ಧಾರವಾಡ ಕಂಡದ್ದು ಆ ಶಾಲಿನಿಂದ.

ಧಾರವಾಡದಲ್ಲಿ ನಾನು ಬರೆಯಲು ಕುಳಿತಾಗಲೆಲ್ಲ ಹಾಳೆಯ ನಡುವೆ ಮೇಲಿನಿಂದ ಕೆಳಗೆ ಒಂದು ಗೆರೆ ಎಳೆಯುತ್ತಿದ್ದೆ. ಎಡಗಡೆ ಹೇಳಿಕೆ, ಬಲಗಡೆ ಕಾರಣ. ಬಲಗಡೆ ಖಾಲಿ ಉಳಿದ ಮಾತನ್ನು, ಅದು ಎಷ್ಟೇ ಸೊಗಸಾಗಿರಲಿ, ಹೊಡೆದು ಹಾಕುತ್ತಿದ್ದೆ. ನನ್ನ ಲೇಖನಗಳಿಗೆ ಮೊನಚಿದೆ ಎಂದು ಯಾರಾದರೂ ಹೇಳಿದರೆ ಆ ಮೊನಚು ಆ ಗೆರೆಯದು, ಆ ಗೆರೆ ಖೋತ ಸರ್ ಅವರದು. ನಾನು ಬರೆದವುಗಳಲ್ಲಿ ಗೆರೆ ಎಳೆಯದೆ ಬರೆದದ್ದು ಆ ಅರ್ಜಿಯೊಂದೇ. ಮತ್ತು ನನಗೆ ಹೆಸರು ತಂದದ್ದು ಕೂಡ ಅದೇ.

ಕಾರ್ಯದರ್ಶಿಗಳು ಕಳಿಸಿದ ಝೆರಾಕ್ಸನ್ನು ಹಿಡಿದು ಒಂದು ಭಾನುವಾರ ಬೆಳಿಗ್ಗೆ ಸರ್ ಅವರನ್ನು ಹುಡುಕಿಕೊಂಡು ಹೋದೆ. ಕಾಗವಾಡ ದಾಟಿ, ಗಡಿಯಿಂದ ಎರಡು ಹಳ್ಳಿ ಆಚೆ ಒಂದು ಮರಾಠಿ ಶಾಲೆಯಲ್ಲಿದ್ದಾರೆ. ಮನೆಯ ಪಡಸಾಲೆಯಲ್ಲಿ ಕುಳಿತು ಉತ್ತರಪತ್ರಿಕೆ ತಿದ್ದುತ್ತಿದ್ದರು. ತಲೆಗೂದಲು ಪೂರ್ತಿ ಬೆಳ್ಳಗಾಗಿದೆ. ಕೈಯಲ್ಲಿ ಅದೇ ಕೆಂಪು ಪೆನ್ನು. ಕನ್ನಡಕ ಏರಿಸಿ ನೋಡಿದರು.

“ಅಂಕಲಿ ರಸ್ತೇದ ತ್ರಿಶಲಾ ಏನವಾ? ನಾಕಕ್ಕ ಸೊನ್ನಿ ತಗೊಂಡಾಕಿ?”

ಒಳಗಿನಿಂದ ಅವರ ಮನೆಯವರು ಚಹಾ ತಂದುಕೊಟ್ಟು, ಇವರು ಯಾರ ಹೆಸರು ಮರೆತರೂ ಮಾರ್ಕು ಮರೆಯುವುದಿಲ್ಲ ಎಂದು ನಕ್ಕು ಹೋದರು. ನಾನು ಚಹಾ ಕುಡಿಯಲಿಲ್ಲ. ಅರ್ಜಿಯನ್ನು ಅವರ ಮುಂದೆ ಇಟ್ಟು, ಇದನ್ನು ಬರೆದವಳು ನಾನು ಎಂದೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಅದೊಂದೇ ಹೊರಗೆ ಬಂದದ್ದು.

“ಅದು ಅವತ್ತ ಗೊತ್ತಿತ್ತ ತಂಗಿ. ಆ ಸಾಲ್ಯಾಗ ‘ತನ್ಮೂಲಕ’ ಅಂತ ಬರಿಯೂ ಹುಡುಗಿ ಮತ್ತ ಯಾರ ಇದ್ರು?”

ಹಾಗಾದರೆ ಏಕೆ ಎದುರಾಡಲಿಲ್ಲ ಎಂದು ಕೇಳಿದೆ. ಸರ್ ಬೆರಳನ್ನು ನನ್ನ ಅಕ್ಷರಗಳ ಮೇಲೆ ಇಡಲಿಲ್ಲ. ಕೆಳಗೆ ಇಳಿಸಿ, ಕೊನೆಯ ಸಹಿಯ ಮೇಲೆ ಇಟ್ಟರು.

“ನಿಂದ ಅಷ್ಟ ಆಗಿದ್ರ ನಾ ಬಿಡತಿರಲಿಲ್ಲ. ವಹಿ ತರಸ್ರಿ, ನೋಡ್ರಿ ಅಂತಿದ್ದೆ. ಆದ್ರ ಇಕಿ ಸಹಿ ಹಾಕ್ಯಾಳಲ್ಲ… ಇಕಿ ಸಲವಾಗಿ ನಾ ಮರಾಠಿ ಮಾತಾಡಿದ್ದೆ. ಇಕಿನ ಸಹಿ ಹಾಕ್ಯಾಳಂದ್ರ, ಎಲ್ಲಾರ ಮುಂದ ಮನಿ ಮಾತಿನ್ಯಾಗ ಹೇಳಿ ನಾ ಈ ಹುಡುಗಿ ಮಾನ ಕಳದೀನಿ ಅಂತ ತಿಳ್ಕೊಂಡ್ಯಾ. ತಪ್ಪ ನಂದ ಅಂತ ನಾ ಎದ್ದ ಬಂದ್ಯಾ.”

ಮುಂದೆ ಹೇಳಿದ್ದನ್ನು ಅವರು ದೂರಾಗಿ ಹೇಳಲಿಲ್ಲ. ಹವಾಮಾನ ಹೇಳುವಷ್ಟು ಸಹಜವಾಗಿ ಹೇಳಿದರು. ಈಗಿನ ಶಾಲೆಯಲ್ಲಿ ಮನೆಯಲ್ಲಿ ಕನ್ನಡ ಆಡುವ ಮಕ್ಕಳು ಬಹಳ. ಪ್ರಮೇಯ ಹಿಡಿಯದೆ ಅವರು ಪೆಚ್ಚಾಗಿ ಕೂರುವುದನ್ನು ನೋಡುತ್ತಾರೆ. ನಾಲಿಗೆಯ ತುದಿಗೆ ಕನ್ನಡ ಬರುತ್ತದೆ, ನುಂಗಿಕೊಳ್ಳುತ್ತಾರೆ. ಹನ್ನೆರಡು ವರ್ಷದಲ್ಲಿ ಒಂದು ಮಗುವಿಗೂ ಅದರ ಮನೆಮಾತಿನಲ್ಲಿ ಒಂದು ಹಂತವನ್ನೂ ಹೇಳಿಕೊಟ್ಟಿಲ್ಲ. ಮಗುವಿನ ಮಾನ ಹೋದೀತೆಂಬ ಹೆದರಿಕೆ.

ಬರೆದದ್ದನ್ನು ನಂಬಿ ಎಂದವರು ನಾನು ಬರೆದದ್ದನ್ನು ನಂಬಿದ್ದರು. ಕೆಲಸ ಹೋದದ್ದಕ್ಕಾಗಿ ಕ್ಷಮೆ ಕೇಳಲು ಹೋದವಳಿಗೆ ಲೆಕ್ಕ ಅಷ್ಟಕ್ಕೇ ಮುಗಿಯುವುದಿಲ್ಲ ಎಂದು ಆಗ ಗೊತ್ತಾಯಿತು. ನನಗೆ ಹೆಸರೂ ಗೊತ್ತಿಲ್ಲದ, ನಾನು ಎಂದೂ ನೋಡದ ಮಕ್ಕಳು — ಹನ್ನೆರಡು ವರ್ಷಗಳಲ್ಲಿ ಅವರ ಮುಂದೆ ಕುಳಿತು ಹೋದ ಮಕ್ಕಳು…

“ಸಾರಿಕಾಗ ಅದರಾಗ ಏನ ಐತಿ ಅಂತ ಗೊತ್ತಿರಲಿಲ್ರಿ ಸರ್,” ಎಂದೆ.

ಅವರು ಕೆಂಪು ಪೆನ್ನನ್ನು ಕೆಳಗಿಟ್ಟರು. ಆಮೇಲೆ ಹಳೆಯ ರೂಢಿಯಂತೆ ಕೇಳಿದರು: “ಕಾರಣ?”

“ಎಕ್ಸ್‌ಟ್ರಾ ಕ್ಲಾಸಿಗೆ ಅಂತ ನಾನ ಅಕಿಗೆ ಸುಳ್ಳ ಹೇಳಿದ್ದೆರಿ.”

ತಲೆಯಾಡಿಸಿದರು. ಸಿಟ್ಟು ಬರಲಿ ಎಂದು ಕಾದೆ; ಬರಲಿಲ್ಲ. ಹೊರಡುವಾಗ, ನಿನ್ನ ಲೇಖನಗಳನ್ನು ಓದುತ್ತೇನೆ, ಬಲಗಡೆ ಖಾಲಿ ಇರುವುದಿಲ್ಲ ಎಂದರು. ಆ ಒಂದು ಮಾತಿಗೆ ನಾನು ಎಷ್ಟು ಋಣಿ ಎಂದು ಹೇಳಲು ನನಗೆ ಯೋಗ್ಯತೆ ಇರಲಿಲ್ಲ. ಗಾಡಿಯ ಮೇಲೆ ಕುಳಿತ ಮೇಲೆ ಅತ್ತೆ.

ಇಲ್ಲಿಯವರೆಗಿನದನ್ನು ಬರೆದು ಮುಗಿಸಿದ ಮೇಲೆ ಅಚ್ಚಿಗೆ ಕಳಿಸುವ ಮೊದಲು ಒಬ್ಬಳಿಗೆ ಓದಿ ಹೇಳಬೇಕಾಗಿತ್ತು. ಸಾರಿಕಾ ಈಗ ಕರೋಶಿಯಲ್ಲಿದ್ದಾಳೆ, ಗಂಡನ ಊರು. ಮನೆಯ ಮುಂದಿನ ಕೋಣೆಯಲ್ಲೇ ಬ್ಲೌಸು ಹೊಲಿಯುವ ಅಂಗಡಿ. ನಾನು ಹೋದಾಗ ಬಟ್ಟೆಯನ್ನು ನಡುವೆ ಮಡಚಿ, ನೀಲಿ ಬಳಪದಿಂದ ಗುರುತು ಮಾಡಿ ಕತ್ತರಿಸುತ್ತಿದ್ದಳು; ಮಡಿಕೆ ಬಿಚ್ಚಿದರೆ ಎರಡು ಕಡೆಯೂ ಸಮ. ಕುಳಿತುಕೊ ಎಂದಳು. ಹಿಂದಿನಂತೆಯೇ ನಾನು ಓದಿದೆ, ಅವಳು ಕೇಳಿಸಿಕೊಂಡಳು. ಈ ಸಲ ಒಂದು ಸಾಲನ್ನೂ ಬಿಡಲಿಲ್ಲ. ಅವಳು ಕತ್ತರಿ ಕೆಳಗಿಡಲೂ ಇಲ್ಲ. ನಪಾಸಾದ ಮಾತು ಬಂದಾಗ ಮಾತ್ರ ಕೈ ನಿಂತಿತು.

ಮುಗಿದ ಮೇಲೆ ಹಾಳೆಗಳನ್ನು ಕೊಡು ಎಂದಳು. ತಾನೇ ತಿರುವಿ, ತಾನೇ ಓದಿಕೊಂಡು, ಒಂದು ಪುಟದಲ್ಲಿ ನಿಂತಳು. ಓದುವ ವೇಗ ನನ್ನದಕ್ಕಿಂತ ಕಡಿಮೆ ಇರಲಿಲ್ಲ.

“ನೀ ಸುಳ್ಳ ಹೇಳಿದಿ ಅಂದ್ರ ನಾ ನಂಬಿದ್ಯಾ ಅಂತ ಹ್ಯಾಂಗ ಆತಬೇ?”

ಬೆರಳನ್ನು ಆ ಪುಟದ ಮೇಲೆ ಇಟ್ಟುಕೊಂಡೇ ಮುಂದುವರಿಸಿದಳು.

“ನಾ ಓದೀನ ಸಹಿ ಹಾಕಿದ್ಯಾ. ಜೋರಾಗಿ ಓದಾಕ ನಾಚಿಗಿ ಬರ್ತಿತ್ತ, ಓದಾಕ ಬರ್ತಿತ್ತ. ಎರಡ ವರ್ಷ ಬಾಜೂಕ ಕುಂತಿ, ಒಂದ ದಿನಾರ ಕೇಳಿದಿ? ಹಾಕಲಿಲ್ಲಂದ್ರ ‘ಮರಾಠಿದಾಕಿ’ ಅಂತ ಬ್ಯಾರೆ ಕುಂದರಸ್ತಿದ್ರಿ ನನ್ನ. ನಿನ್ನ ಬೆಂಚ ಬೇಕಾಗಿತ್ತ ನನಗ. ಅದಕ್ಕ ಹಾಕಿದ್ಯಾ.” ಹಾಳೆಯಿಂದ ತಲೆ ಎತ್ತಿ, “ಸರ್ ನನ್ನ ಕಡೆ ನೋಡಿದ್ದ ನಂಗೂ ನೆನಪೈತಿ,” ಎಂದಳು.

ಹೀಗೆ, ತಪ್ಪೊಪ್ಪಿಗೆಯಲ್ಲೂ ನಾನು ಚಿತ್ರವನ್ನು ನೋಡದೆಯೇ ಬರೆದಿದ್ದೆ. ಅವಳಿಗೆ ಓದಲು ಬಾರದು ಎಂಬುದನ್ನು ದತ್ತವೆಂದು ಹಿಡಿದಿದ್ದೆ. ಸರ್ ಕಾರಣ ಕೇಳಿದಾಗಲೂ ನಾನು ಕೊಟ್ಟದ್ದು ಕಾರಣವಲ್ಲದ ಕಾರಣ ಎಂದು ನನಗೂ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲ. ಹೊಳೆದದ್ದು ನಾಲ್ಕಕ್ಕೆ ಮೂರು ತೆಗೆದುಕೊಂಡವಳಿಗೆ. ಅವಳು ನೀಲಿ ಬಳಪ ತೆಗೆದುಕೊಂಡು, “ಅದರಲ್ಲಿ ಏನು ಬರೆದಿದೆ ಎಂಬುದು ಸಾರಿಕಾಳಿಗೆ ಗೊತ್ತಿರಲಿಲ್ಲ” ಎಂಬ ನನ್ನ ಸಾಲಿನ ಬಲಗಡೆ, ಅದೇ ದುಂಡಗಿನ ಅಕ್ಷರಗಳಲ್ಲಿ ಬರೆದಳು — ‘ಕಾರಣ?’

ಆ ಸಾಲನ್ನು ನಾನು ತಿದ್ದಿಲ್ಲ. ಮೇಲೆ ಇದ್ದ ಹಾಗೆಯೇ ಇದೆ. ಓದುವವರು ನನ್ನ ತಪ್ಪನ್ನು ಅದರ ಜಾಗದಲ್ಲೇ ಕಾಣಲಿ.

ಆಡಳಿತ ಮಂಡಳಿಗೆ ನನ್ನದು ಎರಡು ಮಾತು. ಅರ್ಜಿಯನ್ನು ಅಚ್ಚು ಹಾಕುವುದಾದರೆ ಇದರ ಜೊತೆಗೇ ಹಾಕಿ. ಇಲ್ಲವಾದರೆ ಎರಡನ್ನೂ ಬಿಡಿ. ಮತ್ತು ಖೋತ ಸರ್ ಅವರನ್ನು ವಿಚಾರಣೆ ಇಲ್ಲದೆ ಕಳಿಸಿದ್ದು ತಪ್ಪು ಎಂದು ಸಂಸ್ಥೆಯ ಹಾಳೆಯಲ್ಲಿ, ಸಂಸ್ಥೆಯ ಮುದ್ರೆಯೊಂದಿಗೆ ಬರೆದು ಅವರಿಗೆ ಕಳಿಸಿ. ಕೆಳಗೆ ಮೊದಲ ಸಹಿ ನನ್ನದಿರಲಿ.

ನಾನು ಹಾಗೇಕೆ ಮಾಡಿದೆ ಎಂದು ಕೇಳುವವರಿಗೆ ನನ್ನ ಬಳಿ ಸೊನ್ನೆ ಅಂಕವಿದೆ, ಅಸೂಯೆಯಿದೆ, ಹದಿನೈದರ ವಯಸ್ಸಿದೆ. ಅವನ್ನು ಬಲಗಡೆ ಬರೆಯುವುದಿಲ್ಲ. ಬರೆದರೆ ಸರ್ ಕೆಂಪು ಶಾಯಿಯಲ್ಲಿ ಕೇಳುತ್ತಾರೆ.

ಸರ್ ಅವರಿಗೆ ನಾನು ಹೇಳಿಬಂದದ್ದು ಅರ್ಧ ಸುಳ್ಳಾಯಿತಲ್ಲ, ಫೋನ್ ಮಾಡಿ ತಿದ್ದಿ ಹೇಳಲೇ ಎಂದು ಸಾರಿಕಾಳನ್ನು ಕೇಳಿದೆ. ಬೇಡ ಎಂದಳು. ತನ್ನ ಸಹಿಯ ಕಾರಣವನ್ನು ತಾನೇ ಹೇಳುತ್ತೇನೆ, ಆ ಕಡೆಯ ಮಕ್ಕಳ ಮುಂದೆ ಸರ್ ಇನ್ನು ಬಾಯಿ ಕಟ್ಟಿಕೊಳ್ಳುವುದು ಬೇಡ ಎಂದೂ ತಾನೇ ಹೇಳುತ್ತೇನೆ ಎಂದಳು. ಬರುವ ಭಾನುವಾರ ಬೆಳಿಗ್ಗೆ ಕರೋಶಿಯಿಂದ ಹೊರಡುತ್ತೇವೆ. ಗಾಡಿ ಓಡಿಸುವವಳು ನಾನು. ಮಾತಾಡುವವಳು ಅವಳು.